ತೊಟ್ಟಿಕ್ಕಬೇಕು ಕಣ್ರಪ್ಪ: ಕಳಲೆಯ ಪಂಪು ಕಲಿಸಿದ ಪ್ರೊಪೆಲ್ಲರ್ ಶಾಫ್ಟ್ ಪಾಠ

ಈ ಸೆಮಿಸ್ಟರ್‌ನ ಸೆಮಿನಾರ್‌ಗೆ ಚೀಟಿ ಎತ್ತಿದಾಗ ನಮ್ಮ ನಾಲ್ಕು ಜನರ ಗುಂಪಿಗೆ ಬಂದ ವಿಷಯ ಇದು: ಹಾಯಿದೋಣಿಯ ಪ್ರೊಪೆಲ್ಲರ್ ಶಾಫ್ಟ್, ಅದರ ಲೂಬ್ರಿಕೇಷನ್ ಮತ್ತು ನಿರ್ವಹಣೆ. ಮೈಸೂರಿನಲ್ಲಿ ಕೂತು ಸಮುದ್ರದ ವಿಷಯ! ಪಕ್ಕದ ಗುಂಪಿಗೆ ಡಿಸ್ಕ್ ಬ್ರೇಕ್ ಬಂದಿತ್ತು, ನಮಗೆ ಹೊಟ್ಟೆ ಉರೀತು. ಹೋಗ್ಲಿ ಬಿಡು ಅಂತ ಒಂದೇ ರಾತ್ರಿಯಲ್ಲಿ ಎಂಟು ಸ್ಲೈಡ್ ಮಾಡಿ ಮುಗಿಸಿದೆವು. ಯೂನಿವರ್ಸಲ್ ಜಾಯಿಂಟ್, ಗ್ರೀಸ್ ನಿಪ್ಪಲ್, ಗ್ರೀಸ್ ಗನ್, ಎಲ್ಲಾ ಹಾಕಿದ್ವಿ. ಬೆಳಿಗ್ಗೆ ನಮ್ಮ ಗುಂಪಿನ ಮಲ್ಪೆಯ ಹುಡುಗಿ ನೋಡಿ ಕೇಳಿದಳು: "ಇದು ಲಾರಿಯದ್ದಲ್ವಾ ಮಾರಾಯ್ರೆ? ದೋಣಿ ಎಲ್ಲಿ?"

ತಪ್ಪು ನಮ್ಮದೇ. ನಮ್ಮ ಕಡೆ ಪ್ರೊಪೆಲ್ಲರ್ ಶಾಫ್ಟ್ ಅಂದ್ರೆ ಲಾರಿಯ ಹೊಟ್ಟೆ ಕೆಳಗೆ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ವರೆಗೆ ತಿರುಗುವ ಉದ್ದನೆ ಕೊಳವೆ. ದೋಣಿಯದು ಬೇರೆ. ಅಲ್ಲಿ ಶಾಫ್ಟ್‌ನ ಒಂದು ತುದಿ ದೋಣಿಯೊಳಗೆ, ಒಣ ಜಾಗದಲ್ಲಿ ಎಂಜಿನ್ ಹತ್ತಿರ ಇರುತ್ತೆ. ಇನ್ನೊಂದು ತುದಿ ನೀರೊಳಗೆ, ಪ್ರೊಪೆಲ್ಲರ್ ಹತ್ತಿರ. ನಡುವೆ ದೋಣಿಯ ತಳದಲ್ಲಿ ಒಂದು ತೂತು. ಆ ತೂತಿನಲ್ಲಿ ಶಾಫ್ಟ್ ನಿಮಿಷಕ್ಕೆ ಸಾವಿರ ಸುತ್ತು ತಿರುಗಬೇಕು, ಆದರೆ ಸಮುದ್ರ ಒಳಗೆ ಬರಬಾರದು. ಗ್ರೀಸ್ ಗನ್ ತೋರಿಸಿ ಮುಗಿಸೋ ವಿಷಯ ಅಲ್ಲ ಅಂತ ಆಗ ಗೊತ್ತಾಯ್ತು.

ಇದನ್ನು ನಮಗೆ ನಿಜವಾಗಿ ಕಲಿಸಿದ್ದು ಯಾವ ದೋಣಿಯೂ ಅಲ್ಲ. ನಂಜನಗೂಡಿನ ಹತ್ತಿರದ ಕಳಲೆಯಲ್ಲಿ, ನಮ್ಮ ಗೆಳೆಯನ ತಾತನ ಬಾವಿ ಪಕ್ಕ ಕೂತಿದ್ದ ಹಳೇ ಪಂಪು. ಅದನ್ನು ನಾವು ಕೆಡಿಸಿ ಕಲಿತೆವು. ಅದಕ್ಕೇ ಈ ಲೇಖನ.

ಕಳಲೆಯಲ್ಲಿ ಏನಾಯ್ತು

ಕಳಲೆ ಅಂದ್ರೆ ಇತಿಹಾಸ ಓದಿದವರಿಗೆ ಮೈಸೂರಿನ ದಳವಾಯಿಗಳ ಊರು, ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ಊರು. ನಮಗೆ ಅದು ರಜೆಯಲ್ಲಿ ಎರಡು ದಿನ ಉಪ್ಸಾರು ಮುದ್ದೆ ತಿನ್ನೋಕೆ ಹೋದ ಊರು. ತಾತನಿಗೆ ಒಂದು ತೆರೆದ ಬಾವಿ ಇದೆ, ಪಕ್ಕದಲ್ಲಿ ಹೊಸದಾಗಿ ನೆಟ್ಟ ಬಾಳೆ. ಬಾವಿಯ ಕಟ್ಟೆ ಮೇಲೆ ಕಪ್ಲಿಂಗ್‌ನಿಂದ ಮೋಟರ್‌ಗೆ ಜೋಡಿಸಿದ ಸೆಂಟ್ರಿಫ್ಯೂಗಲ್ ಪಂಪು. ಈಗ ಎಲ್ಲೆಡೆ ಮಾನೋಬ್ಲಾಕ್ ಮತ್ತು ಸಬ್‌ಮರ್ಸಿಬಲ್ ಬಂದಿವೆ, ಆದರೆ ಈ ಹಳೇದು ನಮ್ಮ ಗೆಳೆಯನಿಗಿಂತ ವಯಸ್ಸಾಗಿದ್ರೂ ಇನ್ನೂ ಓಡ್ತಾ ಇತ್ತು.

ಪಂಪಿನಿಂದ ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ಟಪ್ ಟಪ್ ಅಂತ ನೀರು ತೊಟ್ಟಿಕ್ಕುತ್ತಿತ್ತು. ನಾವು ಎಂಜಿನಿಯರ್‌ಗಳಲ್ವಾ, "ಲೀಕ್!" ಅಂದ್ವಿ. ತಾತ ಊಟಕ್ಕೆ ಹೋಗಿದ್ದಾಗ ಸ್ಪ್ಯಾನರ್ ಹಿಡಿದು ಅಲ್ಲಿದ್ದ ಎರಡು ನಟ್ಟುಗಳನ್ನು ಚೆನ್ನಾಗಿ ಬಿಗಿ ಮಾಡಿದೆವು. ತೊಟ್ಟಿಕ್ಕೋದು ನಿಂತಿತು. ಒಂದು ಹನಿಯೂ ಇಲ್ಲ. ಬಹಳ ಖುಷಿಯಾಯ್ತು, ಫೋಟೋ ಕೂಡ ತೆಗೆದೆವು.

ತ್ರೀ ಫೇಸ್ ಕರೆಂಟ್ ಮತ್ತೆ ಬಂದದ್ದು ರಾತ್ರಿ. ಪಂಪ್ ಹಾಕಿ ಬಂದು ಮಲಗಿದೆವು. ಬೆಳಗಿನ ಜಾವ ತಾತ ಎಬ್ಬಿಸಿದಾಗ ಬಾವಿ ಹತ್ತಿರ ಸುಟ್ಟ ಹಗ್ಗದ ವಾಸನೆ. ಗ್ಲಾಂಡ್ ಮುಟ್ಟಿದ್ರೆ ಕೈ ಸುಡ್ತಿತ್ತು. ಮೋಟರ್ ಓವರ್‌ಲೋಡ್ ಆಗಿ ಸ್ಟಾರ್ಟರ್ ಟ್ರಿಪ್ ಆಗಿತ್ತು, ಅದೊಂದು ಪುಣ್ಯ. ಬಾಳೆಗೆ ನೀರು ಹೋಗಿರಲಿಲ್ಲ.

ತಾತ ಬಯ್ಯಲಿಲ್ಲ. ಬಯ್ದಿದ್ರೆ ಚೆನ್ನಾಗಿತ್ತು. ಕಟ್ಟೆ ಮೇಲೆ ಕೂತು ಇಷ್ಟೇ ಹೇಳಿದ್ರು: "ಅದು ತೊಟ್ಟಿಕ್ಕಬೇಕು ಕಣ್ರಪ್ಪ. ಒಳಗೆ ತಿರುಗೋದು ನೀರು ಕುಡೀದೆ ಹೆಂಗೆ ಬದುಕ್ತದೆ?"

ನಂಜನಗೂಡಿನ ಮೆಕ್ಯಾನಿಕ್ ಬಂದು ಬಿಚ್ಚಿದಾಗ ಒಳಗಿನ ಹಗ್ಗ ಕರಿದ ಹಪ್ಪಳದ ಹಾಗೆ ಗಟ್ಟಿಯಾಗಿ ಪುಡಿ ಪುಡಿ ಆಗ್ತಿತ್ತು. ಶಾಫ್ಟ್ ಮೇಲಿನ ಸ್ಲೀವ್‌ನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು. ಸ್ಲೀವ್ ಹೊಸದು ಬರಲು ಎರಡು ದಿನ ಬೇಕಾಯ್ತು. ಆ ಎರಡು ದಿನ ಬಿಸಿಲಲ್ಲಿ ಬಾಳೆಗಿಡಗಳ ಎಲೆ ಮಡಚಿಕೊಳ್ಳುವುದನ್ನು ನಾವು ನೋಡಿದೆವು. ನಾಲ್ಕು ಜನರ ಒಂದು ತಿಂಗಳ ಕ್ಯಾಂಟೀನ್ ದುಡ್ಡು ಸ್ಲೀವ್‌ಗೆ ಹೋಯ್ತು. ಇದರ ಬದಲಿಗೆ ಸಿಕ್ಕಿದ್ದು ನಮ್ಮ ಸೆಮಿನಾರ್.

ಪಂಪಿನಲ್ಲಿ ಇರೋದೇ ದೋಣಿಯಲ್ಲೂ ಇದೆ

ಆ ಎರಡು ನಟ್ಟುಗಳ ಹಿಂದೆ ಇರುವುದಕ್ಕೆ ಸ್ಟಫಿಂಗ್ ಬಾಕ್ಸ್ ಅಂತ ಹೆಸರು. ಶಾಫ್ಟ್ ಸುತ್ತ ಒಂದು ಉಂಗುರದಾಕಾರದ ಖಾಲಿ ಜಾಗ. ಅದರಲ್ಲಿ ಚೌಕಾಕಾರದಲ್ಲಿ ಹೆಣೆದ ಹಗ್ಗದ ಮೂರು, ನಾಲ್ಕು ಅಥವಾ ಐದು ಉಂಗುರಗಳನ್ನು ತುಂಬಿರುತ್ತಾರೆ. ಅಂಗಡಿಯಲ್ಲಿ ಗ್ಲಾಂಡ್ ರೋಪ್ ಅಂತ ಕೇಳಿದರೆ ಕೊಡ್ತಾರೆ. ಹತ್ತಿ ಅಥವಾ ಅಗಸೆ ನಾರಿಗೆ ಕೊಬ್ಬು, ಮೇಣ ಹಚ್ಚಿದ್ದು ಹಳೆಯದು. ಗ್ರಾಫೈಟ್ ಹಚ್ಚಿದ್ದು, ಟೆಫ್ಲಾನ್ ನೂಲಿನದ್ದು ಈಗಿನದ್ದು. ಅದರ ಮೇಲೆ ಗ್ಲಾಂಡ್ ಎಂಬ ಲೋಹದ ಕಾಲರ್ ಕೂರುತ್ತೆ. ನಟ್ಟು ಬಿಗಿ ಮಾಡಿದರೆ ಕಾಲರ್ ಹಗ್ಗವನ್ನು ಉದ್ದಕ್ಕೆ ಒತ್ತುತ್ತೆ, ಹಗ್ಗ ಅಗಲವಾಗಿ ಶಾಫ್ಟನ್ನು ಅಪ್ಪಿಕೊಳ್ಳುತ್ತೆ.

ಹಾಯಿದೋಣಿಯಲ್ಲೂ ಇದೇ ಡಬ್ಬಿ ಇದೆ. ಹಾಯಿ ಇರುವಾಗ ಎಂಜಿನ್ ಯಾಕೆ ಅಂತ ನಾವೂ ಕೇಳಿದ್ದೆವು. ಗಾಳಿ ಬೀಳುವ ದಿನ, ಇಕ್ಕಟ್ಟಾದ ಬಂದರಿನೊಳಗೆ ಬರುವಾಗ, ಬ್ಯಾಟರಿ ಚಾರ್ಜ್ ಮಾಡಲು ಒಂದು ಸಣ್ಣ ಡೀಸೆಲ್ ಎಂಜಿನ್ ಬೇಕೇ ಬೇಕು. 2017ರ ಸೆಪ್ಟೆಂಬರ್‌ನಿಂದ 2018ರ ಮೇ ವರೆಗೆ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಭೂಮಿಯನ್ನು ಸುತ್ತಿ ಬಂದ 'ತಾರಿಣಿ'ಯಂಥ ದೋಣಿಗಳು ಸಮುದ್ರದಲ್ಲಿ ಹಾಯಿ ನಂಬಿ ಓಡುತ್ತವೆ, ದಡದ ಹತ್ತಿರ ಎಂಜಿನ್ ನಂಬುತ್ತವೆ.

ದೋಣಿಯ ಶಾಫ್ಟ್ ದಾರಿಯಲ್ಲಿ ಹೋದರೆ ಒಳಗಿನಿಂದ ಹೊರಗೆ ಕ್ರಮವಾಗಿ ಸಿಗುವುದು ಇವು: ಎಂಜಿನ್, ಗೇರ್‌ಬಾಕ್ಸ್, ಕಪ್ಲಿಂಗ್, ಸ್ಟಫಿಂಗ್ ಬಾಕ್ಸ್, ಸ್ಟರ್ನ್ ಟ್ಯೂಬ್ ಎಂಬ ಕೊಳವೆ, ಕೊನೆಗೆ ನೀರೊಳಗಿನ ಬೇರಿಂಗ್, ಪ್ರೊಪೆಲ್ಲರ್. ಕಳಲೆಯಲ್ಲಿ ಮೋಟರ್, ಕಪ್ಲಿಂಗ್, ಬಾಲ್ ಬೇರಿಂಗ್, ಸ್ಟಫಿಂಗ್ ಬಾಕ್ಸ್, ಇಂಪೆಲ್ಲರ್. ಪಂಪು ನಿಂತಲ್ಲೇ ನಿಂತು ನೀರನ್ನು ತಳ್ಳುತ್ತೆ, ದೋಣಿ ನೀರನ್ನು ತಳ್ಳಿ ತಾನೇ ಮುಂದೆ ಹೋಗುತ್ತೆ. ಶಾಫ್ಟ್‌ಗೆ ಇಬ್ಬರ ಕಷ್ಟವೂ ಒಂದೇ.

ಹನಿಯ ಲೆಕ್ಕ

ಈಗ ನಾವು ಮಾಡಿದ ತಪ್ಪಿಗೆ ಒಂದು ಲೆಕ್ಕ. ಇಂಥ ಪಂಪಿನ ಗ್ಲಾಂಡ್‌ನಲ್ಲಿ ನಿಮಿಷಕ್ಕೆ ಸುಮಾರು 40ರಿಂದ 60 ಹನಿ ಬಿದ್ದರೆ ಸರಿ ಅಂತ ಲೆಕ್ಕ. ಶಾಫ್ಟ್ ದಪ್ಪ ಇದ್ದಷ್ಟು ಸ್ವಲ್ಪ ಹೆಚ್ಚು. 20 ಹನಿಗೆ 1 ಮಿಲಿಲೀಟರ್ ಅಂತ ಇಟ್ಟುಕೊಳ್ಳೋಣ. 60 ಹನಿ ಅಂದ್ರೆ ನಿಮಿಷಕ್ಕೆ 3 ಮಿಲಿಲೀಟರ್, ಗಂಟೆಗೆ 180 ಮಿಲಿಲೀಟರ್. ಏಳು ಗಂಟೆ ಓಡಿದರೆ 1.26 ಲೀಟರ್, ಅಂದರೆ ಒಂದು ಚೊಂಬು ನೀರು.

ಅದೇ ಏಳು ಗಂಟೆಯಲ್ಲಿ, ಪಂಪು ಸೆಕೆಂಡಿಗೆ 5 ಲೀಟರ್ ಎತ್ತುತ್ತೆ ಅಂದುಕೊಂಡರೆ, ಮೇಲೆ ಬಂದ ನೀರು 1,26,000 ಲೀಟರ್. ಲಕ್ಷ ಲೀಟರ್‌ಗೆ ಒಂದು ಲೀಟರ್! ಆ ಒಂದು ಲೀಟರ್ ಉಳಿಸೋಕೆ ಹೋಗಿ ನಾವು ಎರಡು ದಿನದ ನೀರು ಕಳೆದೆವು.

ಆ ಒಂದು ಲೀಟರ್ ಏನು ಕೆಲಸ ಮಾಡುತ್ತಿತ್ತು? "ತಣ್ಣಗೆ ಇಡುತ್ತೆ" ಅಂತ ಮೊದಲು ಬರೆದುಕೊಂಡಿದ್ದೆವು. ಲೆಕ್ಕ ಹಾಕಿದಾಗ ಅದು ಕಾಲು ಭಾಗವೂ ನಿಜ ಅಲ್ಲ ಅನ್ನಿಸಿತು. ಶಾಫ್ಟ್ 40 ಮಿಲಿಮೀಟರ್, ವೇಗ 1440 ಆರ್‌ಪಿಎಂ. ಆಗ ಅದರ ಮೇಲ್ಮೈ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಹಗ್ಗದ ಘರ್ಷಣೆ ಬಲ 50 ನ್ಯೂಟನ್ ಅಂತ ಊಹಿಸಿದರೆ ಹುಟ್ಟುವ ಶಾಖ 150 ವಾಟ್. ಹನಿಯಾಗಿ ಬೀಳುವ ನೀರು ಸೆಕೆಂಡಿಗೆ 0.05 ಗ್ರಾಂ. ಅದು 40 ಡಿಗ್ರಿ ಬಿಸಿಯಾಗಿ ಹೊರಬಂದರೂ ಹೊತ್ತೊಯ್ಯುವುದು 0.05 × 4.18 × 40, ಸುಮಾರು 8 ವಾಟ್ ಮಾತ್ರ. ಉಳಿದದ್ದೆಲ್ಲ ಶಾಫ್ಟ್ ಮತ್ತು ಪಂಪಿನ ಮೈ ಮೂಲಕ ಒಳಗೆ ಹರಿಯುವ ನೀರಿಗೆ ಹೋಗಬೇಕು.

ಹಾಗಾದರೆ ಹನಿಯ ದೊಡ್ಡ ಕೆಲಸ ಶಾಖವನ್ನು ಹೊರುವುದಲ್ಲ, ಶಾಖ ಹೆಚ್ಚು ಹುಟ್ಟದ ಹಾಗೆ ನೋಡಿಕೊಳ್ಳುವುದು. ಹಗ್ಗ ಮತ್ತು ಶಾಫ್ಟ್ ನಡುವೆ ತೆಳುವಾದ ನೀರಿನ ಪದರ ಇದ್ದಾಗ ಘರ್ಷಣೆ ಕಡಿಮೆ. ನಟ್ಟು ಬಿಗಿ ಮಾಡಿದರೆ ಪದರ ಹಿಂಡಿ ಹೋಗುತ್ತೆ, ಘರ್ಷಣೆ ಹಲವು ಪಟ್ಟು ಏರುತ್ತೆ, ಹಗ್ಗದ ಮೇಣ ಕರಗಿ ಹೋಗುತ್ತೆ, ಹಗ್ಗ ಗಟ್ಟಿಯಾಗುತ್ತೆ, ಗಟ್ಟಿಯಾದ ಹಗ್ಗ ಶಾಫ್ಟನ್ನು ಅರದ ಹಾಗೆ ತಿನ್ನುತ್ತೆ. ಹೊರಗೆ ಬೀಳುವ ಹನಿ ಒಳಗೆ ಪದರ ಇದೆ ಅನ್ನೋದಕ್ಕೆ ಸಾಕ್ಷಿ. ನಾವು ಸಾಕ್ಷಿಯ ಬಾಯಿ ಮುಚ್ಚಿಸಿದ್ದೆವು.

ದೋಣಿಯಲ್ಲಿ ಅದೇ ಹನಿ, ಬೇರೆ ಅರ್ಥ

ಇಲ್ಲೊಂದು ವ್ಯತ್ಯಾಸ ಇದೆ, ಪರೀಕ್ಷೆಯಲ್ಲಿ ಕೇಳಿದರೂ ಕೇಳಬಹುದು. ಪಂಪಿನ ಹನಿ ಹೊರಗೆ ಬೀಳುತ್ತೆ, ನೆಲ ಕುಡಿಯುತ್ತೆ. ದೋಣಿಯ ಹನಿ ಒಳಗೆ ಬೀಳುತ್ತೆ, ದೋಣಿಯ ತಳದಲ್ಲಿ ನಿಲ್ಲುತ್ತೆ. ಆ ತಳಕ್ಕೆ ಬಿಲ್ಜ್ ಅಂತಾರೆ. ಹಾಗಾಗಿ ದೋಣಿಯಲ್ಲಿ ಲೆಕ್ಕ ಬಿಗಿ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಸಾಕು. ಶಾಫ್ಟ್ ನಿಂತಾಗ ಹನಿ ನಿಲ್ಲಬೇಕು, ಇಲ್ಲವೇ ಬಹಳ ಅಪರೂಪಕ್ಕೆ ಬೀಳಬೇಕು.

ನಿಮಿಷಕ್ಕೆ 3 ಹನಿ ಅಂದ್ರೆ ಗಂಟೆಗೆ 9 ಮಿಲಿಲೀಟರ್, ಪರವಾಗಿಲ್ಲ. ಆದರೆ ಕಳಲೆ ಪಂಪಿನ ಹಾಗೆ ನಿಮಿಷಕ್ಕೆ 60 ಹನಿ, ಹಗಲು ರಾತ್ರಿ ಬಿದ್ದರೆ ದಿನಕ್ಕೆ 4.3 ಲೀಟರ್. ಒಡೆಯ ದೋಣಿ ಕಟ್ಟಿ ಒಂದು ತಿಂಗಳು ಊರಿಗೆ ಹೋದರೆ ಸುಮಾರು 130 ಲೀಟರ್. ಬಿಲ್ಜ್ ಪಂಪ್ ಎತ್ತಿ ಹಾಕುತ್ತೆ, ಬ್ಯಾಟರಿ ಇರುವವರೆಗೆ. ಬ್ಯಾಟರಿ ಸತ್ತ ಮೇಲೆ ಯಾರೂ ಇಲ್ಲದ ದೋಣಿ ಕಟ್ಟಿದ ಜಾಗದಲ್ಲೇ ನಿಧಾನವಾಗಿ ಮುಳುಗುತ್ತೆ. ಕಡಿಮೆ ಹನಿಯಾದರೆ ಶಾಫ್ಟ್ ಹೋಗುತ್ತೆ, ಹೆಚ್ಚು ಹನಿಯಾದರೆ ದೋಣಿ ಹೋಗುತ್ತೆ.

ಹನಿ ಬೇಡವೇ ಬೇಡ ಅನ್ನುವವರಿಗೆ ಹನಿಯಿಲ್ಲದ ಸೀಲ್‌ಗಳೂ ಇವೆ. ಒಂದು ಬಗೆಯಲ್ಲಿ ನಿಂತಿರುವ ಕಾರ್ಬನ್ ಉಂಗುರದ ಮೇಲೆ ಶಾಫ್ಟ್ ಜೊತೆ ತಿರುಗುವ ಸ್ಟೀಲ್ ಉಂಗುರ ಒರಗಿ ಜಾರುತ್ತೆ, ರಬ್ಬರಿನ ತಿದಿ ಎರಡನ್ನೂ ಒತ್ತಿ ಹಿಡಿಯುತ್ತೆ. ಮಾನೋಬ್ಲಾಕ್ ಪಂಪಿನ ಮೆಕ್ಯಾನಿಕಲ್ ಸೀಲ್‌ನ ತತ್ವವೂ ಇದೇ. ಆದರೆ ಅಲ್ಲೂ ಒಳಗೆ ನೀರು ಬೇಕು. ದೋಣಿಯನ್ನು ನೀರಿಗಿಳಿಸಿದ ತಕ್ಷಣ ಸೀಲ್‌ನೊಳಗೆ ಗಾಳಿ ಸಿಕ್ಕಿಕೊಂಡಿರುತ್ತೆ. ತಿದಿಯನ್ನು ಕೈಯಿಂದ ಸ್ವಲ್ಪ ಹಿಂದಕ್ಕೆ ಒತ್ತಿ ಗಾಳಿ ಬಿಟ್ಟು, ನೀರು ಚಿಮ್ಮಿದ ಮೇಲೆ ಬಿಡಬೇಕು. ಮರೆತರೆ ಒಣಗಿಯೇ ಓಡಿ ಸುಡುತ್ತೆ. ಮಗು ಹಾಲು ಕುಡಿದ ಮೇಲೆ ತೇಗು ಬರಿಸೋ ಹಾಗೆ ಅಂತ ಮಲ್ಪೆಯವಳು ಹೇಳಿದ ಮೇಲೆ ನಮಗೆ ಇದು ಮರೆತೇ ಇಲ್ಲ.

ನೀರೇ ಎಣ್ಣೆ

ಸ್ಟಫಿಂಗ್ ಬಾಕ್ಸ್ ದಾಟಿ ಹೊರಗೆ ಹೋದರೆ ಪ್ರೊಪೆಲ್ಲರ್ ಪಕ್ಕದ ಬೇರಿಂಗ್ ಸಿಗುತ್ತೆ. ಅದಕ್ಕೆ ಎಣ್ಣೆಯೂ ಇಲ್ಲ, ಗ್ರೀಸೂ ಇಲ್ಲ. ಹಿತ್ತಾಳೆ ಕೊಳವೆಯ ಒಳಗೆ ರಬ್ಬರ್ ಅಂಟಿಸಿ, ರಬ್ಬರಿನಲ್ಲಿ ಉದ್ದುದ್ದಕ್ಕೆ ಗೀರುಗಾಲುವೆಗಳನ್ನು ಕೊರೆದಿರುತ್ತಾರೆ. ಆ ಕಾಲುವೆಗಳಲ್ಲಿ ಸಮುದ್ರದ ನೀರು ಹರಿಯುತ್ತೆ, ಅದೇ ಲೂಬ್ರಿಕೆಂಟ್.

20 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಮಿಲಿಪ್ಯಾಸ್ಕಲ್ ಸೆಕೆಂಡ್. ಎಂಜಿನ್ ಆಯಿಲ್ ಇದಕ್ಕಿಂತ ಸುಮಾರು ನೂರು ಪಟ್ಟು ಮಂದ. ಇಷ್ಟು ತೆಳು ನೀರು ಶಾಫ್ಟನ್ನು ಎತ್ತಿ ಹಿಡಿಯುವುದು ಹೇಗೆ? ಮೆಷಿನ್ ಎಲಿಮೆಂಟ್ಸ್ ಪುಸ್ತಕದ ಸ್ಟ್ರೈಬೆಕ್ ಕರ್ವ್ ನೆನಪಿಸಿಕೊಳ್ಳಿ. ಸ್ನಿಗ್ಧತೆ ಗುಣಿಸು ವೇಗ, ಭಾಗಿಸು ಒತ್ತಡ. ಈ ಸಂಖ್ಯೆ ದೊಡ್ಡದಾದರೆ ಪೂರ್ತಿ ಪದರ, ಚಿಕ್ಕದಾದರೆ ಲೋಹಕ್ಕೆ ಮೈ ತಾಗುತ್ತೆ. ನೀರಿನಲ್ಲಿ ಸ್ನಿಗ್ಧತೆ ಕಡಿಮೆ, ಆದ್ದರಿಂದ ಒತ್ತಡವನ್ನೂ ಕಡಿಮೆ ಮಾಡಬೇಕು. ಅದಕ್ಕೇ ಬೇರಿಂಗ್ ಉದ್ದ ಇರುತ್ತೆ, ಶಾಫ್ಟ್‌ನ ವ್ಯಾಸದ ಹಲವು ಪಟ್ಟು. ರಬ್ಬರ್ ಸ್ವಲ್ಪ ಬಾಗಿ ಭಾರವನ್ನು ಹಂಚಿಕೊಳ್ಳುತ್ತೆ. ಸ್ಟಾರ್ಟ್ ಆಗುವಾಗ ಮತ್ತು ನಿಲ್ಲುವಾಗ ವೇಗ ಕಡಿಮೆ, ಪದರ ಇರಲ್ಲ. ಸವೆತ ಹೆಚ್ಚಾಗಿ ಆಗುವುದು ಆಗಲೇ.

ಇನ್ನೊಂದು ಲಾಭ ಮರಳಿನದು. ಮರಳಿನ ಕಣ ಬಂದರೆ ಗಟ್ಟಿ ಬೇರಿಂಗ್‌ನಲ್ಲಿ ಅದು ಶಾಫ್ಟನ್ನು ಗೀರುತ್ತೆ. ಇಲ್ಲಿ ಕಣ ರಬ್ಬರಿನೊಳಗೆ ಒತ್ತಿಕೊಂಡು, ಉರುಳಿ, ಕಾಲುವೆಗೆ ಬಿದ್ದು ತೊಳೆದು ಹೋಗುತ್ತೆ.

ಈ ರಬ್ಬರ್ ಬೇರಿಂಗ್ ಹುಟ್ಟಿದ್ದು ದೋಣಿಯಲ್ಲಿ ಅಲ್ಲ, ಪಂಪಿನಲ್ಲಿ! 1920ರ ದಶಕದ ಆಸುಪಾಸಿನಲ್ಲಿ ಅಮೆರಿಕದ ಚಾರ್ಲ್ಸ್ ಶೆರ್‌ವುಡ್ ಎಂಬ ಗಣಿ ಎಂಜಿನಿಯರ್, ಗಣಿಯ ನೀರೆತ್ತುವ ಪಂಪಿನ ಬೇರಿಂಗ್ ಕೆಟ್ಟು ಬದಲಿ ಸಿಗದಿದ್ದಾಗ ಟೈರಿನ ಟ್ಯೂಬ್ ತುಂಡನ್ನು ಸುತ್ತಿ ಓಡಿಸಿದನಂತೆ. ಅದು ಲೋಹದ್ದಕ್ಕಿಂತ ಹೆಚ್ಚು ದಿನ ಬಾಳಿತು ಅನ್ನೋದು ಈ ಬೇರಿಂಗ್‌ನ ಜನ್ಮಕಥೆ. ಅದಕ್ಕೂ ಹಿಂದೆ, 1854ರಲ್ಲಿ, ಇಂಗ್ಲೆಂಡಿನ ಜಾನ್ ಪೆನ್ ಎಂಬ ಎಂಜಿನಿಯರ್ ಲಿಗ್ನಮ್ ವೀಟೆ ಎಂಬ ಗಟ್ಟಿ ಮರದ ಪಟ್ಟಿಗಳನ್ನು ಬೇರಿಂಗ್ ಆಗಿ ಬಳಸಲು ಪೇಟೆಂಟ್ ಪಡೆದಿದ್ದ. ಅಲ್ಲಿಯವರೆಗೆ ಹಡಗುಗಳ ಹಿತ್ತಾಳೆ ಬೇರಿಂಗ್‌ಗಳು ಬೇಗ ಸವೆದು ನೀರು ಒಳನುಗ್ಗುತ್ತಿತ್ತು. ಆ ಮರದಲ್ಲಿ ಸಹಜವಾಗಿಯೇ ಎಣ್ಣೆಯಂಥ ಅಂಟು ಇದೆ, ನೀರೂ ಸೇರಿದರೆ ಚೆನ್ನಾಗಿ ಜಾರುತ್ತೆ.

ನಮ್ಮೂರ ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಕೂಡ ಇದೇ ಜಾತಿ. ನೀರು ತುಂಬುವ ಮೋಟರ್ ಆದರೆ ಅದರ ಬೇರಿಂಗ್‌ಗಳು ನೀರಿನಲ್ಲೇ ಜಾರುತ್ತವೆ. ಅದಕ್ಕೇ ಇಳಿಸುವ ಮುಂಚೆ ಮೋಟರ್‌ಗೆ ಶುದ್ಧ ನೀರು ತುಂಬುತ್ತಾರೆ. ಇದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ, ಯಾಕೆ ಅಂತ ಕೇಳಿರಲಿಲ್ಲ. ಬೋರ್ ಬತ್ತಿದಾಗ ಮೋಟರ್ ಸುಡುವುದಕ್ಕೂ, ದಡಕ್ಕೆ ಎತ್ತಿಟ್ಟ ದೋಣಿಯಲ್ಲಿ ಗೇರ್ ಹಾಕಿ ಎಂಜಿನ್ ಓಡಿಸಬಾರದು ಅನ್ನುವುದಕ್ಕೂ ಕಾರಣ ಒಂದೇ.

ಎಣ್ಣೆ, ಗ್ರೀಸ್ ಎಲ್ಲಿ ಬೇಕು

ಸಂಜೆ ತಾತ ಎತ್ತಿನ ಗಾಡಿ ಕಾಲದ ಕೀಲೆಣ್ಣೆ ಬಗ್ಗೆ ಹೇಳಿದರು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ, ಕಡಾಣಿ ತೆಗೆದು, ಚಕ್ರ ಸ್ವಲ್ಪ ಹೊರಗೆ ಎಳೆದು ಅಚ್ಚಿಗೆ ಹಚ್ಚೋದು. ದ್ರವದ ಎಣ್ಣೆ ಜೊತೆ ಘನ ಕಾರ್ಬನ್! ಗ್ರಾಫೈಟ್ ಗ್ರೀಸ್ ಬಗ್ಗೆ ಓದುವಾಗ ನಮಗೆ ಈಗ ಆ ಗಾಡಿಯೇ ಕಾಣುತ್ತೆ. "ಎಲ್ಲಿಗೆ ಏನು ಬೇಕೋ ಅದು. ಅಚ್ಚಿಗೆ ಎಣ್ಣೆ, ಗ್ಲಾಂಡಿಗೆ ನೀರು," ಅಂದ್ರು ತಾತ. ಇದನ್ನೇ ನಾವು ಪಟ್ಟಿ ಮಾಡಿಕೊಂಡೆವು.

ಪಂಪಿನ ಬಾಲ್ ಬೇರಿಂಗ್: ಗ್ರೀಸ್ ಬೇಕು, ಆದರೆ ತುಂಬಿ ತುಳುಕುವಷ್ಟು ಬೇಡ. ಒಳಗಿನ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಹೆಚ್ಚಾದರೆ ಗ್ರೀಸ್ ಕಡೆದು ಕಡೆದು ಬಿಸಿಯಾಗುತ್ತೆ.

ದೋಣಿಯ ಗೇರ್‌ಬಾಕ್ಸ್: ಎಣ್ಣೆಯ ಮಟ್ಟವನ್ನು ಕಡ್ಡಿಯಲ್ಲಿ ನೋಡಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ.

ಮೀನುಗಾರಿಕೆ ಬೋಟುಗಳ ಗ್ಲಾಂಡ್: ಇವುಗಳಲ್ಲಿ ಹಲವಕ್ಕೆ ಒಂದು ಗ್ರೀಸ್ ಕಪ್ ಇರುತ್ತೆ, ದಿನಾ ಸ್ವಲ್ಪ ತಿರುಗಿಸಿದರೆ ಗ್ರೀಸ್ ಒಳಗೆ ಹೋಗುತ್ತೆ. ನೀರಿಗೆ ಕರಗದ ಗ್ರೀಸ್ ಆಗಿರಬೇಕು. ಆದರೆ ಗ್ರೀಸ್ ತುರುಕಿ ಹನಿ ನಿಲ್ಲಿಸುವುದು ರಿಪೇರಿ ಅಲ್ಲ, ಹಗ್ಗ ಸವೆದದ್ದನ್ನು ಮುಚ್ಚಿಡುವುದು ಅಷ್ಟೇ.

ರಬ್ಬರ್ ಬೇರಿಂಗ್: ಏನೂ ಬೇಡ. ನೀರು ಹೋಗುವ ದಾರಿ ತೆರೆದಿದ್ದರೆ ಸಾಕು. ಚಿಪ್ಪು, ಪಾಚಿ, ಬಲೆಯ ದಾರ ಮುಚ್ಚಿಕೊಂಡಿದೆಯಾ ಅಂತ ನೋಡಬೇಕು.

ಹಾಯಿದೋಣಿಗೇ ವಿಶೇಷವಾದ ಒಂದು ಸಮಸ್ಯೆಯೂ ಇದೆ. ಎಂಜಿನ್ ಆಫ್ ಮಾಡಿ ಹಾಯಿಯಲ್ಲಿ ಓಡುವಾಗ ನೀರಿನ ಹರಿವು ಪ್ರೊಪೆಲ್ಲರನ್ನು ತಾನೇ ತಿರುಗಿಸುತ್ತೆ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ ಪಂಪು ಓಡುವುದು ಎಂಜಿನ್ ಓಡಿದರೆ ಮಾತ್ರ. ಅಂದರೆ ಗಂಟೆಗಟ್ಟಲೆ ಎಣ್ಣೆಯಿಲ್ಲದೆ ತಿರುಗಾಟ. ಅಂಥ ಕಡೆ ಶಾಫ್ಟನ್ನು ನಿಲ್ಲಿಸಿ ಹಿಡಿಯಬೇಕು. ಇನ್ನು ಕೆಲವು ಗೇರ್‌ಬಾಕ್ಸ್ ಹಾಗೆ ತಿರುಗಿದರೂ ತೊಂದರೆಯಿಲ್ಲ. ಯಾವುದು ಅನ್ನುವುದಕ್ಕೆ ತಯಾರಕರ ಮ್ಯಾನ್ಯುಅಲ್ಲೇ ದೇವರು.

ಹಗ್ಗ ಹಾಕುವ ಕ್ರಮ

ಹೊಸ ಸ್ಲೀವ್ ಬಂದ ದಿನ ಮೆಕ್ಯಾನಿಕ್ ನಮ್ಮ ಕೈಯಲ್ಲೇ ಹಗ್ಗ ಹಾಕಿಸಿದರು. ದೋಣಿಗೂ ಕ್ರಮ ಇದೇ. ಆದರೆ ನೀರಲ್ಲಿರುವ ದೋಣಿಯಲ್ಲಿ ಹಳೇ ಹಗ್ಗ ತೆಗೆದರೆ ನೀರು ಒಳಬರುತ್ತೆ, ಆದ್ದರಿಂದ ಹೊಸಬರು ದೋಣಿಯನ್ನು ದಡಕ್ಕೆ ಎತ್ತಿದ ಮೇಲೆಯೇ ಮಾಡಬೇಕು.

1. ಕರೆಂಟ್ ತೆಗೆದು, ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ದೋಣಿಯಾದರೆ ಎಂಜಿನ್ ಕೀ.

2. ಹಳೇ ಉಂಗುರಗಳನ್ನು ಪೂರ್ತಿ ತೆಗೆಯಿರಿ. ಮೇಲೊಂದು ಹೊಸ ಉಂಗುರ ಹಾಕಿ ಸುಮ್ಮನಾಗುವುದು ಸೋಮಾರಿ ಕೆಲಸ. ತಳದ ಗಟ್ಟಿ ಉಂಗುರವೇ ಶಾಫ್ಟ್ ತಿನ್ನುವುದು.

3. ಶಾಫ್ಟ್ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಹೊಸ ಹಗ್ಗ ಹಾಕಿಯೂ ಪ್ರಯೋಜನ ಇಲ್ಲ.

4. ಹಗ್ಗವನ್ನು ಅದೇ ದಪ್ಪದ ಶಾಫ್ಟ್ ಮೇಲೆ ಸುತ್ತಿ, ಉಂಗುರ ಉಂಗುರವಾಗಿ ಕತ್ತರಿಸಿ. ತುದಿಗಳು 45 ಡಿಗ್ರಿ ಓರೆಯಾಗಿದ್ದರೆ ಒಂದರ ಮೇಲೊಂದು ಚೆನ್ನಾಗಿ ಕೂರುತ್ತವೆ. ಸ್ಪ್ರಿಂಗ್ ಥರ ಒಂದೇ ಹಗ್ಗ ಸುತ್ತಬೇಡಿ, ನೀರಿಗೆ ಸುತ್ತು ದಾರಿ ಮಾಡಿಕೊಟ್ಟ ಹಾಗೆ.

5. ಒಂದೊಂದೇ ಉಂಗುರ ಹಾಕಿ ತಳಕ್ಕೆ ಕೂರಿಸಿ. ಕೂಡುವ ಜಾಗಗಳು ಒಂದೇ ಸಾಲಿಗೆ ಬರಬಾರದು. 90 ಅಥವಾ 120 ಡಿಗ್ರಿ ತಿರುಗಿಸುತ್ತಾ ಹೋಗಿ.

6. ನಟ್ಟುಗಳನ್ನು ಬೆರಳಿನಿಂದ ಮಾತ್ರ ಬಿಗಿ ಮಾಡಿ ಪಂಪ್ ಹಾಕಿ. ಮೊದಲು ಧಾರಾಳವಾಗಿ ಸೋರಲಿ. ಆಮೇಲೆ ಎರಡೂ ನಟ್ಟು ಸಮನಾಗಿ, ಒಮ್ಮೆಗೆ ಆರನೇ ಒಂದು ಸುತ್ತು. ಹತ್ತು ನಿಮಿಷ ಕಾಯಿರಿ. ಮತ್ತೆ ಆರನೇ ಒಂದು ಸುತ್ತು. ನಾವು ಒಟ್ಟು ಒಂದೂವರೆ ಗಂಟೆ ಕೂತೆವು.

7. ಗ್ಲಾಂಡ್ ಮೇಲೆ ಹೊರಗಿನಿಂದ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡೋಕೆ ಆಗದಿದ್ದರೆ ನಟ್ಟು ಸಡಿಲ ಮಾಡಿ. ತಿರುಗುವ ಶಾಫ್ಟ್ ಹತ್ತಿರ ಶಾಲು, ದುಪಟ್ಟಾ, ಸಡಿಲ ತೋಳು ಬೇಡವೇ ಬೇಡ.

ಗ್ಲಾಂಡ್ ಪದೇ ಪದೇ ಕೆಡುತ್ತಿದ್ದರೆ ತಪ್ಪು ಹಗ್ಗದ್ದಲ್ಲ, ಅಲೈನ್‌ಮೆಂಟ್‌ದು. ಎರಡು ಕಪ್ಲಿಂಗ್ ಮುಖಗಳ ನಡುವೆ ಫೀಲರ್ ಗೇಜ್ ಹಾಕಿ ಸುತ್ತಲೂ ಅಳೆಯಬೇಕು. ದೋಣಿಗೆ ಹೇಳುವ ಸಾಮಾನ್ಯ ಲೆಕ್ಕ, ಕಪ್ಲಿಂಗ್‌ನ ಪ್ರತಿ ಇಂಚು ವ್ಯಾಸಕ್ಕೆ ಇಂಚಿನ ಸಾವಿರದಲ್ಲೊಂದು ಭಾಗದಷ್ಟು ಮಾತ್ರ ವ್ಯತ್ಯಾಸ ಇರಬಹುದು. ಇದನ್ನು ದೋಣಿ ನೀರಲ್ಲಿ ತೇಲುವಾಗಲೇ ಅಳೆಯಬೇಕು, ಯಾಕೆಂದರೆ ದಡದಲ್ಲಿ ಕೂರಿಸಿದಾಗ ದೋಣಿಯ ಮೈ ಸ್ವಲ್ಪ ಬಾಗಿರುತ್ತೆ.

ಸಿಹಿನೀರು, ಉಪ್ಪುನೀರು

ಕಳಲೆಯ ಎಲ್ಲವನ್ನೂ ಸಮುದ್ರಕ್ಕೆ ಹಾಗೇ ತಗೊಂಡು ಹೋಗೋಕಾಗಲ್ಲ. ನಾವು ಹಾಕಿದ್ದು ಗ್ರಾಫೈಟ್ ಹಚ್ಚಿದ ಹಗ್ಗ, ಬಾವಿ ನೀರಿಗೆ ಚೆನ್ನಾಗಿದೆ. ಉಪ್ಪುನೀರಿನಲ್ಲಿ ಗ್ರಾಫೈಟ್ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಸೇರಿದರೆ ಸಣ್ಣ ಬ್ಯಾಟರಿಯಾಗುತ್ತೆ, ಕೊರೆತ ಶಾಫ್ಟ್‌ಗೆ ಬೀಳುತ್ತೆ. ಅದಕ್ಕೇ ದೋಣಿಗೆ ಮೇಣದ ನಾರು ಅಥವಾ ಟೆಫ್ಲಾನ್ ಹಗ್ಗ ಲೇಸು. ಶಾಫ್ಟ್ ಮೇಲೆ ಸತುವಿನ ಗುಂಡು ಕಟ್ಟಿರುತ್ತಾರೆ, ಕಂಚು ಮತ್ತು ಸ್ಟೀಲಿನ ಬದಲು ಅದು ತಾನು ಕರಗುತ್ತೆ. ಅರ್ಧ ಕರಗಿದಾಗ ಬದಲಿಸಬೇಕು. ಸ್ಟೇನ್‌ಲೆಸ್ ಶಾಫ್ಟ್‌ಗೆ ನಿಂತ ನೀರೂ ಶತ್ರು. ಗ್ಲಾಂಡ್‌ನೊಳಗೆ ಆಮ್ಲಜನಕ ಮುಗಿದ ನೀರಿನಲ್ಲಿ ಅದು ಗುಳಿಗುಳಿಯಾಗಿ ಕೊರೆಯುತ್ತೆ. ಬಹಳ ದಿನ ಕಟ್ಟಿಹಾಕಿದ ದೋಣಿಯ ಶಾಫ್ಟನ್ನು ಆಗಾಗ ತಿರುಗಿಸುವುದು ಇದಕ್ಕೇ.

ಇದೆಲ್ಲ ಪುಸ್ತಕದ ಮಾತಾಯ್ತು ಅನ್ನಿಸಿದರೆ ಮಳೆಗಾಲದಲ್ಲಿ ಮಲ್ಪೆಗೆ ಹೋಗಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕೋ ಕಾಲ, ಬೋಟುಗಳಿಗೆ ರಿಪೇರಿ ಕಾಲ. ದಡಕ್ಕೆ ಎತ್ತಿದ ಬೋಟಿನ ಪ್ರೊಪೆಲ್ಲರ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ಬೇರಿಂಗ್ ಎಷ್ಟು ಸವೆದಿದೆ ಅಂತ ಹೇಳುವವರು ಅಲ್ಲಿ ಇದ್ದಾರೆ ಅಂತ ನಮ್ಮ ಗೆಳತಿ ಹೇಳ್ತಾಳೆ. ಮುಂದಿನ ಜೂನ್‌ನಲ್ಲಿ ನಾವು ಹೋಗುವವರಿದ್ದೇವೆ. ಈ ಸಲ ಸ್ಪ್ಯಾನರ್ ಮುಟ್ಟುವ ಮುಂಚೆ ಕೇಳಿ ಮುಟ್ಟುತ್ತೇವೆ.

ಕೊನೆಗೆ

ಪಂಪ್ ಮತ್ತೆ ಓಡಿದ ಸಂಜೆ ನಾವು ನಾಲ್ಕು ಜನ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಹನಿ ಎಣಿಸಿದೆವು. ನಿಮಿಷಕ್ಕೆ 52. ತಾತ ಸ್ಟಾಪ್‌ವಾಚ್ ನೋಡಲಿಲ್ಲ. ಗ್ಲಾಂಡ್ ಮೇಲೆ ಅಂಗೈ ಇಟ್ಟು, ಹನಿ ಬೀಳೋ ಸದ್ದು ಸ್ವಲ್ಪ ಹೊತ್ತು ಕೇಳಿ, "ಸರಿಯಾಗದೆ, ಬುಡಿ" ಅಂದು ಬಾಳೆಗೆ ನೀರು ತಿರುಗಿಸಲು ಹೋದರು. ಬಾಳೆ ಉಳಿದುಕೊಂಡಿತು. ನಮ್ಮ ಗೆಳೆಯ ಈಗಲೂ ವಾರಕ್ಕೊಮ್ಮೆ ಫೋನ್ ಮಾಡಿ ಮೊದಲು ಅಜ್ಜಿಯನ್ನು, ಆಮೇಲೆ ಗ್ಲಾಂಡನ್ನು ವಿಚಾರಿಸುತ್ತಾನೆ.

ನಿಮ್ಮ ಊರಲ್ಲಿ ಇಂಥ ಹಳೇ ಪಂಪು ಇದ್ದರೆ ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಟ್ಟು ಮುಟ್ಟಬೇಡಿ. ಒಂದು ನಿಮಿಷ ಹನಿ ಎಣಿಸಿ, ಶಾಫ್ಟ್ ದಪ್ಪ ಮತ್ತು ಮೋಟರ್‌ನ ಆರ್‌ಪಿಎಂ ಬರೆದುಕೊಂಡು ಬನ್ನಿ. ಯಾರು ಎಷ್ಟು ಹನಿ ತಂದರು ಅಂತ ಸೇರಿಸಿ ನೋಡೋಣ. ಅದರ ಜೊತೆಗೆ ಅದನ್ನು ನೋಡಿಕೊಳ್ಳುವವರನ್ನು "ಇದು ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ನಮ್ಮ ಸೆಮಿನಾರ್‌ನ ಮೊದಲ ಸ್ಲೈಡಿನಲ್ಲಿ ಈಗ ಇರುವುದು ತಾತ ಹೇಳಿದ ಆ ಒಂದು ವಾಕ್ಯ. ಲಾರಿಯ ಎಂಟು ಸ್ಲೈಡ್ ಅಳಿಸಿದ್ದೇವೆ.